ಗುಂಟೆಗೆ ನೂರಾ ಒಂದು

ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ! 2021ರ ಮೇ ತಿಂಗಳಲ್ಲಿ, ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಪ್ರಕಟಿಸಿದ 1,250 ಕೋಟಿಯ ಕೊರೊನಾ ಪ್ಯಾಕೇಜಿನಲ್ಲಿ ಈ ಸಾಲು ಓದಿ ಖುಷಿಯಾಗಿತ್ತು. ತೊಂದರೆ ಏನೆಂದರೆ ನಮ್ಮ ಕಡೆ ಹೆಕ್ಟೇರ್ ಅನ್ನೋದನ್ನ ಯಾರೂ ಕಣ್ಣಲ್ಲಿ ಕಂಡಿಲ್ಲ. ಇಲ್ಲಿರೋದು ಎಕರೆ, ಗುಂಟೆ. ಒಂದು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ 2 ಎಕರೆ 19 ಗುಂಟೆ. ಸುಮ್ನೆ ಭಾಗಿಸಿ ನೋಡಿದೆ. ಗುಂಟೆಗೆ 101 ರೂಪಾಯಿ.

ಓಹೋ, ಸರ್ಕಾರ ಮುಯ್ಯಿ ಹಾಕಿದೆ!

ಹೊತ್ತು ನೋಡಿಯೇ ಹಾಕಿತ್ತು. ಆಗ ಲಾಕ್‌ಡೌನ್. ಮದುವೆಗೆ 40 ಜನ, ಅದೂ ಮನೆಯಲ್ಲೇ. ಛತ್ರಕ್ಕೆ ಬೀಗ, ದೇವಸ್ಥಾನಕ್ಕೆ ಬೀಗ, ಹೂವು ಕೇಳುವವರಿರಲಿಲ್ಲ. ಛತ್ರದ ಬಾಗಿಲಲ್ಲಿ ಟೇಬಲ್ ಹಾಕಿಕೊಂಡು, ನೋಟ್‌ಬುಕ್ಕಿಗೆ ಗೆರೆ ಎಳೆದು ಮುಯ್ಯಿ ಬರೆಯುತ್ತಿದ್ದ ಸೋದರಮಾವಂದಿರಿಗೂ ಕೆಲಸವಿರಲಿಲ್ಲ. ಅಂಥ ಕಾಲದಲ್ಲಿ ಸಂಪ್ರದಾಯ ಉಳಿಸಿಕೊಂಡಿದ್ದು ಸರ್ಕಾರ ಒಂದೇ. ನೂರರ ಮೇಲಿನ ಆ ಒಂದು ರೂಪಾಯಿಯನ್ನೂ ಮರೆತಿರಲಿಲ್ಲ ನೋಡಿ. ಆದರೆ ಮುಯ್ಯಿ ಅಂದರೆ ತಿರುಗಿ ಹಾಕಬೇಕಾದ್ದು. ಚುನಾವಣೆ ಬಂದಾಗ ನೋಟ್‌ಬುಕ್ ತೆಗೆದುಕೊಂಡು ಬಾಗಿಲಿಗೆ ಬರುತ್ತಾರೆ. "ನಿಮ್ಮ ಮನೆ ಕಾರ್ಯಕ್ಕೆ ನಾವು ಬಂದಿದ್ದೆವು, ಅಲ್ವಾ?"

ಅದರ ಹಿಂದಿನ ವರ್ಷ, 2020ರ ಮೇ 6ರಂದು, ಇದೇ ಯಡಿಯೂರಪ್ಪನವರು ಹೆಕ್ಟೇರಿಗೆ 25,000 ಅಂದಿದ್ದರು. 2021ರಲ್ಲಿ ರೋಗ ಜಾಸ್ತಿ ಆಯಿತು, ದುಡ್ಡು ಕಮ್ಮಿ ಆಯಿತು. ಮಿತಿ ಮಾತ್ರ ಅದೇ, ಒಂದೇ ಹೆಕ್ಟೇರ್. 20 ಗುಂಟೆ ಸೇವಂತಿಗೆ ಹಾಕಿದವನಿಗೆ ಎಲ್ಲ ಸರಿಯಾಗಿ ಕೈಸೇರಿದರೂ ಎರಡು ಸಾವಿರದ ಚಿಲ್ಲರೆ. ಕೊಳೆತ ಗಿಡವನ್ನು ಮಣ್ಣಿಗೆ ಸೇರಿಸಲು ಕರೆಸಿದ ರೋಟವೇಟರ್ ಬಾಡಿಗೆ ಕೊಟ್ಟು ಕೈ ತೊಳೆದುಕೊಳ್ಳಬಹುದು.

2020ರ ಅದೇ ಮೇ 6ರಂದು ಅಬಕಾರಿ ಸುಂಕವನ್ನೂ ಶೇಕಡಾ 11 ಏರಿಸಿದ್ದರು. ಅದರ ಹಿಂದಿನ ದಿನ, ಒಂದೇ ದಿನದಲ್ಲಿ, ರಾಜ್ಯದಲ್ಲಿ 197 ಕೋಟಿ ರೂಪಾಯಿಯ ಎಣ್ಣೆ ಮಾರಾಟವಾಗಿತ್ತು. 2021ರಲ್ಲಿ ಇಡೀ ರಾಜ್ಯದ ಹೂವಿಗೆ ಎತ್ತಿಟ್ಟಿದ್ದು 12.73 ಕೋಟಿ. ಆ ದಿನದ ಒಂದು ಗಂಟೆಯ ವ್ಯಾಪಾರವೂ ಅಲ್ಲ. ಅಂಗಡಿ ಮುಂದೆ ಸುಣ್ಣದ ಚೌಕದಲ್ಲಿ ನಿಂತು ಬಿಸಿಲಿಗೆ ಬೆಂದು ಖಜಾನೆ ತುಂಬಿಸಿದರಲ್ಲ, ಅವರನ್ನು ಯಾರೂ ಜಮೀನಿನ ದಾಖಲೆ, ಅಂದರೆ ಪಹಣಿ, ಕೇಳಲಿಲ್ಲ. ಆಧಾರ್ ಲಿಂಕ್ ಆಗಿದೆಯಾ ಅನ್ನಲಿಲ್ಲ.

ಪಹಣಿ ಅಂದರೆ ಅದೇ ಒಂದು ಪುರಾಣ. ಹೊಲದಲ್ಲಿ ಸೇವಂತಿಗೆ ಮೊಣಕಾಲುದ್ದ ಬಂದಿರುತ್ತದೆ, ಪಹಣಿಯ ಬೆಳೆ ಕಾಲಂನಲ್ಲಿ ರಾಗಿ. ಸಾಲ ಮಾಡಿ ಪಾಲಿಹೌಸ್ ಕಟ್ಟಿ ಗುಲಾಬಿ ಬೆಳೆದವನದೂ ರಾಗಿ. ಮಾಲೀಕರ ಜಾಗದಲ್ಲಿ ತಾತನ ಹೆಸರು. ತಾತ ತೀರಿಕೊಂಡು ಎಷ್ಟೋ ಕಾಲವಾಯಿತು, ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಲ್ಲ. ಹೀಗಾಗಿ ಸರ್ಕಾರದ ಲೆಕ್ಕದಲ್ಲಿ ತಾತ ಈಗಲೂ ರಾಗಿ ಬೆಳೆಯುತ್ತಿದ್ದಾರೆ, ಒಳ್ಳೆ ಗಟ್ಟಿಮುಟ್ಟಾಗಿದ್ದಾರೆ. ತಿದ್ದಿಸಿಕೊಂಡು ಬನ್ನಿ ಅನ್ನುತ್ತಾರೆ. ಕಚೇರಿ ಬಾಗಿಲು ತೆಗೆಯುವುದು 10 ಗಂಟೆಗೆ. ಆ ಲಾಕ್‌ಡೌನಿನಲ್ಲಿ 10 ಗಂಟೆ ಮೇಲೆ ರಸ್ತೆಗಿಳಿದರೆ ಲಾಠಿ ಬೀಳುತ್ತಿತ್ತು.

ತಾತನದಾದರೂ ಪರವಾಗಿಲ್ಲ, ಜಮೀನು ಮನೆಯದೇ. ಗುತ್ತಿಗೆಗೆ ಹಿಡಿದವನ ಪಾಡೇನು? ಎಲ್ಲ ಬಾಯಿಮಾತು. ಬರೆದುಕೊಟ್ಟರೆ ಜಮೀನೇ ಕೈಬಿಟ್ಟು ಹೋದೀತು ಅನ್ನುವ ಭಯ ಮಾಲೀಕನಿಗೆ. ಸಸಿ, ಗೊಬ್ಬರ, ಔಷಧಿ, ಹೂ ಬಿಡಿಸುವ ಹೆಂಗಸರ ಕೂಲಿ ಇವನದು. ಗಿಡದಲ್ಲೇ ಕೊಳೆತ ಹೂವು ಇವನದು. ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ. ಅವನೋ ಬೆಂಗಳೂರಲ್ಲಿರುತ್ತಾನೆ. ಮೊಬೈಲಿಗೆ ಮೆಸೇಜ್ ಬಂದಾಗ, ಇದ್ಯಾವ ದುಡ್ಡು ಅಂತ ಹೆಂಡತಿಯನ್ನು ಕೇಳುತ್ತಾನೆ.

ಇದೇನು ಹೊಸದಲ್ಲ. 2020ರಲ್ಲೂ ಹೀಗೇ ಆಗಿತ್ತು. ಗ್ರಾಮಲೆಕ್ಕಿಗರಿಗೆ ಗೊತ್ತು, ತಹಸೀಲ್ದಾರರಿಗೆ ಗೊತ್ತು, ಶಾಸಕರಿಗೆ ಗೊತ್ತು. ಹಸಿರು ಶಾಲು ಹೊದ್ದು ರೈತರ ಹೆಸರಲ್ಲಿ ಪ್ರಮಾಣ ಮಾಡಿದ ಯಡಿಯೂರಪ್ಪನವರಿಗೆ ಗೊತ್ತಿರಲಿಲ್ಲವೇ? ಊರೂರಿಗೆ ಒಬ್ಬರನ್ನು ಕಳಿಸಿ, ಯಾರ ಹೊಲವನ್ನು ಯಾರು ಉಳುತ್ತಿದ್ದಾರೆ ಅಂತ ಬರೆದುಕೊಂಡಿದ್ದರೆ ಸಾಕಿತ್ತು. ಪೂರ್ತಿ ಒಂದು ವರ್ಷ ಇತ್ತಲ್ರೀ. ಏನು ಮಾಡ್ತಿದ್ರಿ?