ಉಡುಗೊರೆ ಅನ್ನೋ ಪರೀಕ್ಷೆ

ನವೆಂಬರ್ ಕೊನೆಯ ವಾರ ಬಂತೆಂದರೆ ಇಲ್ಲಿ ಅಮೆರಿಕದ ಓಹಾಯೋದಲ್ಲಿ ಜನರ ಮುಖ ಸ್ವಲ್ಪ ಬಿಗಿಯಾಗುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ಮರುದಿನ ಅಂಗಡಿಗಳಲ್ಲಿ ರಿಯಾಯಿತಿ ಮಾರಾಟದ ಬ್ಲ್ಯಾಕ್ ಫ್ರೈಡೇ. ಅದಾದ ಮೇಲೆ ಆನ್‌ಲೈನ್ ಮಾರಾಟದ ಸೈಬರ್ ಮಂಡೇ. ಅದರ ಮರುದಿನ ಗಿವಿಂಗ್ ಟ್ಯೂಸ್‌ಡೇ. ಈ ಕೊನೆಯದು 2012ರಲ್ಲಿ ಶುರುವಾದದ್ದು, ಕೊಂಡಿದ್ದು ಸಾಕು, ಇವತ್ತು ದಾನ ಮಾಡಿ ಅಂತ. ಅಲ್ಲಿಂದ ಡಿಸೆಂಬರ್ 25ರ ಕ್ರಿಸ್‌ಮಸ್‌ವರೆಗೆ ಯಾರನ್ನು ಮಾತಾಡಿಸಿದರೂ ಒಂದೇ ರಾಗ: "ನನ್ನ ಶಾಪಿಂಗ್ ಇನ್ನೂ ಮುಗಿದಿಲ್ಲ."

ನಾನು ಹೊಸನಗರ ಕಡೆಯವನು. ಮೊದಮೊದಲು ಇದು ಖರ್ಚಿನ ಚಿಂತೆ ಅಂದುಕೊಂಡಿದ್ದೆ. ಖರ್ಚಿನದೂ ಹೌದು, ಆದರೆ ಅದಕ್ಕಿಂತ ಜಾಸ್ತಿ ಆಯ್ಕೆಯ ಚಿಂತೆ. ಅತ್ತೆಗೆ ಒಂದು ಉಡುಗೊರೆ, ಭಾವಮೈದುನನಿಗೆ ಇನ್ನೊಂದು, ಮಗಳ ಟೀಚರಿಗೆ ಮತ್ತೊಂದು. ಪ್ರತಿಯೊಂದೂ ಬೇರೆ ಇರಬೇಕು, ಅವರವರಿಗೆ ಒಪ್ಪಬೇಕು, ಅವರು ಕೇಳಿರಬಾರದು, ಆದರೂ ಅವರಿಗೆ ಬೇಕಾಗಿರಬೇಕು! ಮೇಲೆ ಬಣ್ಣದ ಕಾಗದ. ಎಲ್ಲರ ಎದುರಿಗೇ ಬಿಚ್ಚುವಾಗ ತೆಗೆದುಕೊಂಡವರ ಮುಖ ಅರಳಬೇಕು. ಅರಳದಿದ್ದರೆ ಕೊಟ್ಟವನು ಫೇಲು. ಬೇಡದ್ದು ಬಂದರೂ ಅರಳಿಸಬೇಕಾದ್ದು ತೆಗೆದುಕೊಂಡವರ ಕರ್ಮ.

ಈ ಗೋಳು ಇವತ್ತಿನದಲ್ಲ. 1912ರಲ್ಲೇ ನ್ಯೂಯಾರ್ಕಿನಲ್ಲಿ ಉಪಯೋಗವಿಲ್ಲದ ಉಡುಗೊರೆಗಳನ್ನು ತಡೆಯೋದಕ್ಕೆ ಅಂತಲೇ ಒಂದು ಸಂಘ ಹುಟ್ಟಿತ್ತು. ಅಂಗಡಿಗಳಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವ ಹೆಣ್ಣುಮಕ್ಕಳು ಕ್ರಿಸ್‌ಮಸ್‌ಗೆ ಮೇಲಿನವರಿಗೆ ಉಡುಗೊರೆ ಕೊಡಲು ವಂತಿಗೆ ಹಾಕಬೇಕಿತ್ತು. ಅದನ್ನು ನಿಲ್ಲಿಸಬೇಕು ಅನ್ನೋದು ಸಂಘದ ಹಟ. ಹಿಂದೆ ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್‌ವೆಲ್ಟ್ ಕೂಡ ಅದಕ್ಕೆ ಸದಸ್ಯರಾದರು. ಮುಂದೆ 1993ರಲ್ಲಿ ಜೋಯೆಲ್ ವಾಲ್ಡ್‌ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿ, ಉಡುಗೊರೆಯ ಬೆಲೆಯಲ್ಲಿ ಹತ್ತನೇ ಒಂದರಿಂದ ಮೂರನೇ ಒಂದು ಪಾಲು ಸುಮ್ನೆ ಪೋಲಾಗುತ್ತದೆ ಎಂದ. ಅಂದರೆ ನೂರು ಡಾಲರಿನ ಸ್ವೆಟರ್ ಪಡೆದವನಿಗೆ ಅದು ಎಪ್ಪತ್ತು, ತೊಂಬತ್ತು ಡಾಲರಿನಷ್ಟೇ ಅನ್ನಿಸುತ್ತದೆ. ಲೆಕ್ಕ ಸರಿಯೇ ಇರಬಹುದು. ಆದರೆ ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದು "ಭಾವನಿಗೆ ಏನು ಕೊಡೋದು" ಅಂತ ಕೂತವನ ಸಂಕಟ ಅದರೊಳಗೆ ಎಲ್ಲಿದೆ?

ನನಗೆ ಹೆಚ್ಚು ಹಿಡಿಸಿದ್ದು ಥಿಯೋಡೋರ್ ಕ್ಯಾಪ್ಲೋ ಎಂಬ ಸಮಾಜಶಾಸ್ತ್ರಜ್ಞ 1984ರಲ್ಲಿ ಬರೆದದ್ದು. ನಮ್ಮ ಪಕ್ಕದ ಇಂಡಿಯಾನಾ ರಾಜ್ಯದ ಮನ್ಸಿ ಊರಿನವರು ಕ್ರಿಸ್‌ಮಸ್‌ನಲ್ಲಿ ಯಾರಿಗೆ ಏನು ಕೊಟ್ಟರು ಅಂತ ವಿಚಾರಿಸಿ ನೋಡಿದವರು ಅವರು. ಸಂಬಂಧ ಎಷ್ಟು ಹತ್ತಿರವೋ ಉಡುಗೊರೆಯ ಬೆಲೆಯೂ ಅಷ್ಟಿರಬೇಕು, ಕಾಗದ ಸುತ್ತಿರಬೇಕು, ಹೀಗೆ ಎಷ್ಟೋ ನಿಯಮಗಳನ್ನು ಊರಿಗೆ ಊರೇ ಪಾಲಿಸುತ್ತಿತ್ತು. ಅವನ್ನು ಬರೆದಿಟ್ಟವರಿಲ್ಲ. ತಪ್ಪಿದರೆ ದಂಡ ಹಾಕುವವರೂ ಇಲ್ಲ.

ನಮ್ಮಲ್ಲಿ ಬರೆದಿಡುತ್ತಾರೆ, ಅಲ್ವಾ? ಮಲೆನಾಡಿನ ಮದುವೆ ಚಪ್ಪರದಲ್ಲಿ ಒಬ್ಬರು ಪುಸ್ತಕ, ಪೆನ್ನು ಹಿಡಿದು ಕೂತಿರುತ್ತಿದ್ದರು. ಮುಯ್ಯಿ ಓದಿಸುವುದು ಅಂತ. ಇಂಥ ಊರಿನ ಇಂಥವರಿಂದ ಮದುಮಗನಿಗೆ 101 ರೂಪಾಯಿ ಎಂದು ಗಟ್ಟಿಯಾಗಿ ಕೂಗಿ ಬರೆದುಕೊಳ್ಳುತ್ತಿದ್ದರು. ಮುಂದೆ ಅವರ ಮನೆ ಮದುವೆಗೆ ಹೊರಡುವ ಮೊದಲು ಆ ಪುಸ್ತಕ ತೆಗೆದು ನೋಡಿದರೆ ಆಯಿತು. ಅಷ್ಟಕ್ಕೆ ಹತ್ತೋ ಇಪ್ಪತ್ತೋ ಸೇರಿಸಿ ಕೊಟ್ಟರೆ ಮುಗಿಯಿತು. ಇಲ್ಲಿ ನನ್ನ ಗೆಳೆಯನೊಬ್ಬನಿಗೆ ಇದನ್ನು ಹೇಳಿದಾಗ "ಎಷ್ಟು ಒಣ ವ್ಯವಹಾರ!" ಎಂದ. ಅವನ ಹೆಂಡತಿಯ ಫೋನಿನಲ್ಲೂ ಹೋದ ವರ್ಷ ಯಾರು ಎಷ್ಟರದ್ದು ಕೊಟ್ಟರು ಅನ್ನೋ ಪಟ್ಟಿ ಇದೆ. ಗುಟ್ಟಾಗಿ ಇದೆ, ಅಷ್ಟೇ. ನನಗೆ ಕೂಗಿ ಓದುವ ಪುಸ್ತಕವೇ ವಾಸಿ ಅನ್ನಿಸುತ್ತದೆ. ಸಾಲವನ್ನು ಸಾಲ ಎಂದೇ ಕರೆದಾಗ ಪ್ರೀತಿಯ ತಲೆ ಮೇಲೆ ಅದರ ಭಾರ ಬೀಳುವುದಿಲ್ಲ.

ಇನ್ನು ರವಿಕೆ ಕಣ. ಅರಿಶಿನ ಕುಂಕುಮದ ಜೊತೆ ಎಲೆ ಅಡಿಕೆ, ತೆಂಗಿನಕಾಯಿ, ಒಂದು ಕಣ ಕೊಡುತ್ತಾರಲ್ಲ, ಅದರಲ್ಲಿ ಹೊಲಿಸಿಕೊಂಡು ಉಟ್ಟದ್ದು ಎಷ್ಟು? ಬೀರುವಿನಲ್ಲಿ ಗಂಟು ಕಟ್ಟಿಟ್ಟು ಮುಂದಿನವರಿಗೆ ದಾಟಿಸುವುದೇ ಹೆಚ್ಚು. ತೀರ್ಥಹಳ್ಳಿಯಿಂದ ಸಾಗರ, ಸಾಗರದಿಂದ ಸೊರಬ ಸುತ್ತಿ ವಾಪಸ್ ಬಂದ ಕಣವನ್ನು ಅಮ್ಮ ಅಂಚು ನೋಡಿಯೇ ಗುರುತು ಹಿಡಿದು ನಗುತ್ತಿದ್ದಳು. ಯಾರಿಗೂ ಬೇಸರವಿಲ್ಲ. ಇಲ್ಲಿ ಬಂದ ಉಡುಗೊರೆಯನ್ನು ಇನ್ನೊಬ್ಬರಿಗೆ ಕೊಟ್ಟು ಸಿಕ್ಕಿಬಿದ್ದರೆ ಸಂಬಂಧವೇ ಕೆಡಬಹುದು.

ನಾನು ಕಂಡ ಒಳ್ಳೆಯ ಕ್ರಿಸ್‌ಮಸ್ ಕೊಡುಗೆ ಇಲ್ಲಿಯದಲ್ಲ. ನಾವು ಶಿವಮೊಗ್ಗ ಪೇಟೆಯಲ್ಲಿದ್ದಾಗ ಪಕ್ಕದಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಗೋದಲಿ ನೋಡಿ ಬರುವಷ್ಟರಲ್ಲಿ ಅವರ ಮನೆಯಿಂದ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಬಂದಿರುತ್ತಿತ್ತು. ನೆವ್ರಿ, ಸಕ್ಕರೆ ಹಿಡಿಸಿದ ಕಿಡಿಯೊ, ಗುಂಡಗಿನ ಗುಳಿಯೊ, ಹೂವಿನಾಕಾರದ ಕುಕ್ಕೀಸ್. ಮೊಟ್ಟೆ ತಿನ್ನದ ಮನೆ ಅಂತ ಕೇಕಿನ ಬದಲು ನಮಗೆ ಬಾಳೆಹಣ್ಣು. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಉಳಿದಂತೆ ಬೀದಿಯ ಎಲ್ಲ ಮನೆಗೂ ಒಂದೇ ತಟ್ಟೆ, ವಕೀಲರಿಗೂ ಅದೇ, ಆಟೋ ಓಡಿಸುವವರಿಗೂ ಅದೇ. ನಾವು ದೀಪಾವಳಿಗೆ ಕಜ್ಜಾಯ, ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡುತ್ತಿದ್ದೆವು. ಅದೂ ಹಾಗೆಯೇ. ನಿಮಗೆ ಎಳ್ಳು ಬೆಲ್ಲ ಇಷ್ಟವೋ ಇಲ್ಲವೋ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಊರಿನಲ್ಲಿ ಒತ್ತಡವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಗೌರಿ ಹಬ್ಬಕ್ಕೆ ಮಗಳ ಮನೆಗೆ ಬಾಗಿನ ಕಳಿಸಲು ಸಾಲ ಮಾಡಿದ ಅಪ್ಪಂದಿರನ್ನು ನೋಡಿದ್ದೇನೆ. "ಆಶೀರ್ವಾದವೇ ಉಡುಗೊರೆ" ಎಂದು ಮದುವೆ ಕಾಗದದಲ್ಲಿ ಅಚ್ಚು ಹಾಕಿಸಿದರೂ ಜನ ಜೇಬಿನಲ್ಲಿ ಕವರ್ ಇಟ್ಟುಕೊಂಡೇ ಹೋಗುತ್ತಾರೆ. ಈಗ ಗೃಹಪ್ರವೇಶಕ್ಕೆ ಹೋದರೆ ರಿಟರ್ನ್ ಗಿಫ್ಟ್ ಬೇರೆ. ಅವರ ಮನೆಯದು ಸ್ಟೀಲ್ ಡಬ್ಬಿ, ಇವರದು ಬರೀ ಪ್ಲಾಸ್ಟಿಕ್ ಎಂಬ ಮಾತು ವಾಪಸ್ ಬರುವ ಬಸ್ಸಿನಲ್ಲೇ ಶುರು.

ಅಮೆರಿಕದಲ್ಲೂ ಒಂದು ಪದ್ಧತಿ ನನಗೆ ಪೂರ್ತಿ ಒಪ್ಪಿಗೆ. ಸಾಲ್ವೇಷನ್ ಆರ್ಮಿಯವರು 1979ರಲ್ಲಿ ಶುರುಮಾಡಿದ ಏಂಜಲ್ ಟ್ರೀ. ಮಾಲ್‌ನಲ್ಲೋ ಆಫೀಸಿನಲ್ಲೋ ಒಂದು ಕ್ರಿಸ್‌ಮಸ್ ಮರ, ಅದಕ್ಕೆ ಚೀಟಿಗಳು. ಬಡ ಮನೆಯ ಒಂದು ಮಗುವಿನ ವಯಸ್ಸು, ಅಂಗಿಯ ಅಳತೆ, ಶೂ ನಂಬರ್, ಬೇಕಾದ ಆಟಿಕೆ. ನೀವು ಚೀಟಿ ಕಿತ್ತುಕೊಂಡು ಹೋಗಿ ಅದನ್ನೇ ತಂದಿಡಬೇಕು. ನಿಮ್ಮ ಅಭಿರುಚಿ ಯಾರಿಗೂ ಬೇಕಿಲ್ಲ. ಬಿಚ್ಚುವಾಗ ನೀವು ಅಲ್ಲಿ ಇರುವುದೂ ಇಲ್ಲ. ಮೂರನೇ ನಂಬರಿನ ಶೂ ಕೊಳ್ಳಲು ಅರ್ಧ ಗಂಟೆ ಸಾಕು, ಮತ್ತೆ ಅದರ ಬಗ್ಗೆ ಯೋಚನೆಯೂ ಇರುವುದಿಲ್ಲ.

ನಮ್ಮ ಬೀದಿಗೆ ಈಗ ನಾವೂ ತಟ್ಟೆ ಕಳಿಸುತ್ತೇವೆ. ಕೋಡುಬಳೆ, ಕೊಬ್ಬರಿ ಮಿಠಾಯಿ, ಎಲ್ಲರಿಗೂ ಅಷ್ಟೇ. ಗೋಡಂಬಿ ಹಾಕಿದ್ದರೆ ಅಲರ್ಜಿಯವರಿಗೆ ತಿಳಿಯಲಿ ಅಂತ ಮೇಲೊಂದು ಚೀಟಿ. ಮೊದಲ ವರ್ಷ ಎದುರುಮನೆಯವರು ಗಾಬರಿಯಾಗಿ ಸಂಜೆಯೇ ಅಂಗಡಿಗೆ ಓಡಿ ಮೇಣದ ಬತ್ತಿಯ ಡಬ್ಬಿ ತಂದುಕೊಟ್ಟರು, ಪಾಪ. ಈಗ ಅವರೂ ಮನೆಯಲ್ಲಿ ಬೇಯಿಸಿದ್ದನ್ನೇ ಅದೇ ತಟ್ಟೆಯಲ್ಲಿ ಹಾಕಿ ಕಳಿಸುತ್ತಾರೆ.

ಆಫೀಸಿನಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಸೀಕ್ರೆಟ್ ಸಾಂತಾ, ಚೀಟಿ ಎತ್ತಿ ಬಂದ ಹೆಸರಿಗೆ 25 ಡಾಲರಿನೊಳಗೆ ಏನಾದರೂ "ವಿಶೇಷ" ತರಬೇಕು. ಈ ಸಲ ನನಗೆ ಬಂದಿರುವುದು ಮ್ಯಾನೇಜರ್ ಹೆಸರು. ಒಂದು ರವಿಕೆ ಕಣ ಕೊಟ್ಟು ಕೈ ತೊಳೆದುಕೊಳ್ಳೋಣ ಅಂದರೆ ಅವರು ಎದೆ ಮಟ್ಟ ಗಡ್ಡ ಬಿಟ್ಟ ಆಸಾಮಿ.