26ಎಎಸ್ ತೆಗೆದು ನೋಡಿ

ಏಜೆನ್ಸಿ ಮೂಲಕ ಕ್ಲೈಂಟ್ ಕಂಪನಿಗಳಿಗೆ ಕೆಲಸ ಮಾಡಿದವರ ಬಾಕಿ ಹಣದ ಬಗ್ಗೆ ಒಂದು ಲೇಖನ ಓದಿದೆ. ಕ್ಲೈಂಟ್‌ನಿಂದ ದುಡ್ಡು ಬರುವ ತನಕ ಏಜೆನ್ಸಿಯನ್ನು ಕೇಳಿ ಪ್ರಯೋಜನವಿಲ್ಲ ಎಂದು ಅದರಲ್ಲಿದೆ. ಯಾಕಿಲ್ಲ? ಬೆಂಗಳೂರಿನ ಒಂದು ಏಜೆನ್ಸಿ ನನ್ನ ಹತ್ತಿರವೂ ಇದೇ ರಾಗ ಹಾಡಿತ್ತು. ಫಾರ್ಮ್ 26ಎಎಸ್ (ನಮ್ಮ ಪ್ಯಾನ್ ಹೆಸರಲ್ಲಿ ಯಾರು ಎಷ್ಟು ತೆರಿಗೆ ಕಟ್ಟಿದ್ದಾರೆ ಎಂದು ತೋರಿಸುವ ಆದಾಯ ತೆರಿಗೆ ಇಲಾಖೆಯ ಪಟ್ಟಿ) ತೆಗೆದು ನೋಡಿದರೆ ನನ್ನ ಬಿಲ್ ಮೇಲೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 194ಜೆ (ವೃತ್ತಿಪರ ಶುಲ್ಕ) ಅಡಿ ಶೇ 10 ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತ ಮಾಡುವ ತೆರಿಗೆ, ಆಗಲೇ ಕಟ್ಟಿದ್ದರು! ಬಿಲ್ ಒಪ್ಪದೆ ಯಾರಾದರೂ ತೆರಿಗೆ ಕಟ್ತಾರಾ? ಆ ಪುಟ, ಜೊತೆಗೆ ಮ್ಯಾನೇಜರ್ ಸಹಿ ಇದ್ದ ಟೈಮ್‌ಶೀಟ್ (ಕೆಲಸ ಮಾಡಿದ ಗಂಟೆಗಳ ಪಟ್ಟಿ) ಇಟ್ಟು ವಕೀಲರಿಂದ ನೋಟಿಸ್ ಕೊಡಿಸಿದೆ. ದುಡ್ಡು ಬಂತು.

ಸ್ವಂತವಾಗಿ ಬಿಲ್ ಹಾಕುವವರು ಕೆಲಸ ಒಪ್ಪಿಕೊಳ್ಳುವ ಮೊದಲೇ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ನೋಂದಣಿ) ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇಡಿ ಕಾಯ್ದೆ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ) ಪ್ರಕಾರ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪಾವತಿ 45 ದಿನ ದಾಟುವಂತಿಲ್ಲ. ದಾಟಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಾಕಿ ವಸೂಲಿಗೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ 3 ವರ್ಷದ ಗಡುವು ಇರುತ್ತದೆ, 'ಮುಂದಿನ ತಿಂಗಳು ಗ್ಯಾರಂಟಿ' ಅನ್ನುವವರನ್ನು ನಂಬಿ ಕೂರಬೇಡಿ.