ಹೆಚ್ಚಿಸುವುದೊಂದು, ತಗ್ಗಿಸುವುದೊಂದು

2020ರ ಬೇಸಿಗೆಯ ನಂತರ ನಮ್ಮ ದೇಶದಲ್ಲಿ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸದ ವಸ್ತುವನ್ನು ಹುಡುಕುವುದೇ ಕಷ್ಟವಾಯಿತು. ಕಷಾಯದ ಮಾತು ಬೇರೆ; ಶುಂಠಿ, ಮೆಣಸು ಕುದಿಸಿ ಕುಡಿಸಿದ ಅಜ್ಜಿಯರು ಅದಕ್ಕೆ ದುಡ್ಡು ಕೇಳಿದವರಲ್ಲ. ಆದರೆ ಅರಿಸಿನದ ಐಸ್‌ಕ್ರೀಂ ಬಂತು, ಕೋಲ್ಕತ್ತದಲ್ಲಿ ಇಮ್ಯುನಿಟಿ ಸಂದೇಶ್ ಎಂಬ ಮಿಠಾಯಿ ಬಂತು, ಮಧ್ಯಪ್ರದೇಶದಲ್ಲಿ ಮಸಾಲೆ ಪದಾರ್ಥಗಳ ಆವಿ ಹಿಡಿಸಿದ ಸೀರೆಯೂ ಬಂತು. (ಆ ಸೀರೆಯನ್ನು ಒಗೆದರೆ ಶಕ್ತಿ ಬಚ್ಚಲಿನ ಪಾಲಾಗುತ್ತದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.)

ಈ ಉತ್ಸವ ನಡೆಯುತ್ತಿದ್ದ ಜೂನ್ ತಿಂಗಳಲ್ಲೇ ಬ್ರಿಟನ್ನಿನ ರಿಕವರಿ ಎಂಬ ಔಷಧ ಪ್ರಯೋಗದವರು, ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರಿನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಸುತ್ತದೆಂದು ಪ್ರಕಟಿಸಿದರು. ಸ್ಟೀರಾಯ್ಡಿನ ಕೆಲಸವೇ ನಿರೋಧಕ ವ್ಯವಸ್ಥೆಯ ಅಬ್ಬರವನ್ನು ತಗ್ಗಿಸುವುದು. 2021ರ ಎರಡನೆಯ ಅಲೆಯಲ್ಲಿ ಜನ ಕಾಳಸಂತೆಯಲ್ಲೂ ಹುಡುಕಾಡಿದ ಟೋಸಿಲಿಜುಮ್ಯಾಬ್ ಕೂಡ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂದೇಶವಾಹಕಕ್ಕೆ ಬಾಗಿಲು ಮುಚ್ಚುವ ಔಷಧವೇ.

ಸಂದೇಶ್ ಮಾರಿದ ಮಿಠಾಯಿಯವರು ತಮಗರಿವಿಲ್ಲದೆಯೇ ಒಂದು ನಿಜವನ್ನು ತಟ್ಟೆಯಲ್ಲಿಟ್ಟಿದ್ದರು: ರೋಗನಿರೋಧವೆಂಬುದು ಸಂದೇಶಗಳ ವ್ಯವಹಾರ. ವೈರಸ್ ಹೊಕ್ಕ ಜೀವಕೋಶವು ನೆರೆಹೊರೆಯನ್ನು ಎಚ್ಚರಿಸಲು ಇಂಟರ್‌ಫೆರಾನನ್ನು ಹೊರಬಿಡುತ್ತದೆ. ವಿಜ್ಞಾನಿಗಳಾದ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು 1957ರಲ್ಲೇ ಗುರುತಿಸಿದ್ದರು. ಈ ಕೂಗು ಬೇಗ ಕೇಳಿಸಿದರೆ ಎಷ್ಟೋ ಬಾರಿ ನೆಗಡಿಯಲ್ಲೇ ಕಥೆ ಮುಗಿಯುತ್ತದೆ. ತಡವಾದರೆ ವೈರಸ್ ಅಷ್ಟರಲ್ಲಿ ಸಂಸಾರ ಹೂಡಿರುತ್ತದೆ, ಆಮೇಲೆ ಎದ್ದ ಸೈಟೊಕೈನುಗಳೆಂಬ ಸಂದೇಶವಾಹಕಗಳ ದಂಡು ಇಲಿಗೆ ಹೆದರಿ ಮನೆ ಸುಟ್ಟವರಂತೆ ಶ್ವಾಸಕೋಶವನ್ನೇ ಉರಿಯೂತಕ್ಕೆ ಒಪ್ಪಿಸುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರಾಣಾಪಾಯದ ಹಂತ ತಲುಪಿದ್ದ 987 ಕೋವಿಡ್ ರೋಗಿಗಳ ಪೈಕಿ 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿದ್ದವು. ಕಳ್ಳ ಬಂದನೆಂದು ಕೂಗಿದವರ ಬಾಯನ್ನು ಮನೆಯವರೇ ಮುಚ್ಚಿದ ಹಾಗೆ.

ಎರಡನೆಯ ಅಲೆಯ ಮೇ ತಿಂಗಳಲ್ಲಿ ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ನನ್ನ ಮುಂದೆ ನಿಂತಿದ್ದವರೊಬ್ಬರು ವೈದ್ಯರ ಚೀಟಿ ತೋರಿಸಿ ಸ್ಟೀರಾಯ್ಡ್ ಮಾತ್ರೆಯ ಒಂದು ಶೀಟು ಕೊಂಡರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಸಾಲಾಗಿ ಜೋಡಿಸಿದ್ದ ಇಮ್ಯುನಿಟಿ ಬೂಸ್ಟರ್ ಬಾಟಲಿಗಳಲ್ಲಿ ಒಂದನ್ನೂ ಜೊತೆಗಿಟ್ಟರು. ಎರಡಕ್ಕೂ ಒಂದೇ ಕವರು, ಒಂದೇ ಬಿಲ್ಲು. ನನ್ನ ಸರದಿ ಬಂದಾಗ, ಆ ಬಾಟಲಿಯು ಇಂಟರ್‌ಫೆರಾನನ್ನು ಹೆಚ್ಚಿಸುತ್ತದೆಯೋ ಇಂಟರ್‌ಲ್ಯೂಕಿನ್-6 ಅನ್ನು ಹೆಚ್ಚಿಸುತ್ತದೆಯೋ ಎಂದು ವಿಚಾರಿಸಿದೆ. ಅಂಗಡಿಯವರು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಬಹಳ ವಿನಯದಿಂದ, “ಶುಗರ್ ಫ್ರೀಯೂ ಇದೆ ಸರ್, ಕೊಡಲಾ?” ಎಂದರು.